ಖಿರ್ದಿ ಹಿಡಿದ ಪೋಲೀಸ: ‘ದಿ ಅದರ್ ಗೈಸ್’ ಚಿತ್ರವೂ ಅದರ ಡಿವಿಡಿ ಮುದ್ರಿಕೆಯೂ

ಅಮೆರಿಕದ ಚಲಚ್ಚಿತ್ರಗಳಲ್ಲಿ ಜೋಡಿ ಪೋಲೀಸರ ಕಥೆಯೆಂಬುದು ಒಂದು ಪ್ರತ್ಯೇಕ ಪ್ರಕಾರವಾಗಿ ನೆಲೆನಿಂತು ನಾಲ್ಕು ದಶಕಗಳಿಗೂ ಮಿಕ್ಕಿದ ಕಾಲವಾಯಿತು. ಪರಸ್ಪರ ಒಗ್ಗದ ಇಬ್ಬರನ್ನು ಒಂದೇ ನೊಗಕ್ಕೆ ಹೂಡುವುದು, ಒಬ್ಬನನ್ನು ದುಡುಕಿನವನನ್ನಾಗಿಯೂ ಮತ್ತೊಬ್ಬನನ್ನು ಎಚ್ಚರಿಕೆಯವನನ್ನಾಗಿಯೂ ಮಾಡುವುದು, ಪೂರ್ವಾರ್ಧದಲ್ಲಿ ಜಗಳ, ಉತ್ತರಾರ್ಧದಲ್ಲಿ ಸ್ನೇಹ, ನಡುನಡುವೆ ಮೋಟಾರುಗಳ ಓಟ ಮತ್ತು ಗುಂಡಿನ ಮಳೆ. ಇಷ್ಟು ಅದರ ಲಕ್ಷಣ. 1982ರಲ್ಲಿ ವಾಲ್ಟರ್ ಹಿಲ್ ನಿರ್ದೇಶಿಸಿದ ‘48 ಅವರ್ಸ್’ (ಅಲ್ಲಿನ ಜೋಡಿಯಲ್ಲಿ ಒಬ್ಬನು ಪೋಲೀಸನಲ್ಲ, ಕೈದಿ), 1987ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ ‘ಲೀಥಲ್ ವೆಪನ್’, 1998ರ ‘ರಷ್ ಅವರ್’ ಇವು ಆ ದಾರಿಯ ಮೈಲಿಗಲ್ಲುಗಳು. ಇಂಥ ಚಿತ್ರಗಳಲ್ಲಿ ಅಪರಾಧವು ಕಣ್ಣಿಗೆ ಕಾಣುವಂಥದು. ಅಪರಾಧಿಯು ಕಾಲಿಗೆ ಬುದ್ಧಿ ಹೇಳುವಂಥವನು. ಆದುದರಿಂದ ಓಡುವವನನ್ನು ಓಡಿ ಹಿಡಿದರೆ ನ್ಯಾಯವಾದಂತಾಯಿತು. ಆದರೆ ಕಳ್ಳತನವು ಲೆಕ್ಕದ ಹಾಳೆಯಲ್ಲಿ ನಡೆದರೆ, ಕಳ್ಳನು ಓಡದೆ ಮೇಜಿನ ಹಿಂದೆ ಕುಳಿತೇ ಇದ್ದರೆ, ಈ ವೀರರು ಮಾಡುವುದೇನು? 2008ರ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಸಂಸ್ಥೆ ಕುಸಿದು ಎರಡು ವರ್ಷ ತುಂಬುವ ಹೊತ್ತಿಗೆ, 2010ರ ಆಗಸ್ಟಿನಲ್ಲಿ, ಆಡಮ್ ಮೆಕ್ಕೇ ಅವರ ‘ದಿ ಅದರ್ ಗೈಸ್’ ಈ ಪ್ರಶ್ನೆಯನ್ನು ನಗೆಯ ವೇಷದಲ್ಲಿ ಮುಂದಿಟ್ಟಿತು.

ಚಿತ್ರವು ಹಳೆಯ ಬಗೆಯ ವೀರರ ಅಂತ್ಯಕ್ರಿಯೆಯಿಂದ ತೊಡಗುತ್ತದೆ ಎಂದರೂ ಸಲ್ಲುತ್ತದೆ. ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಮತ್ತು ಡ್ವೇನ್ ಜಾನ್ಸನ್ ವಹಿಸಿರುವ ಹೈಸ್ಮಿತ್, ಡ್ಯಾನ್ಸನ್ ಎಂಬ ಇಬ್ಬರು ಪತ್ತೇದಾರರು ನ್ಯೂಯಾರ್ಕ್ ನಗರದ ಕಣ್ಮಣಿಗಳು. ಕ್ಷುಲ್ಲಕ ಅಪರಾಧಿಗಳನ್ನು ಹಿಡಿಯಹೋಗಿ ಅವರು ಪುಡಿಮಾಡುವ ಆಸ್ತಿಗೆ ಲೆಕ್ಕವಿಲ್ಲ. ಆದರೂ ಪುರಜನರ ಚಪ್ಪಾಳೆ ನಿಲ್ಲದು. ಒಮ್ಮೆ ಕಳ್ಳರನ್ನು ಬೆನ್ನಟ್ಟಿ ಎತ್ತರದ ಕಟ್ಟಡವೊಂದರ ಅಂಚಿಗೆ ಬಂದವರು, ಪೊದೆಗಳ ಮೇಲೆ ಬಿದ್ದರಾಯಿತೆಂಬ ಭರವಸೆಯಿಂದ ಕೆಳಕ್ಕೆ ಹಾರುತ್ತಾರೆ. ಪೊದೆಗಳು ಇರುವುದಿಲ್ಲ. ವೀರರಸದಿಂದ ಹಾಸ್ಯಕ್ಕೆ ಇಷ್ಟು ನೇರವಾದ ಪತನವನ್ನು ಈ ಪ್ರಕಾರದ ಚಿತ್ರಗಳಲ್ಲಿ ಬೇರೆಲ್ಲೂ ಕಾಣುವುದು ಕಷ್ಟ. ತೆರವಾದ ಸ್ಥಾನಕ್ಕೆ ಬರುವವರು ಠಾಣೆಯ ಮೂಲೆಯ ಮೇಜಿನವರು: ತಿಳಿಯದೆ ಬೇಸ್‌ಬಾಲ್ ಆಟದ ಖ್ಯಾತಪುರುಷ ಡೆರೆಕ್ ಜೀಟರ್ ಅವರಿಗೇ ಗುಂಡು ಹಾರಿಸಿ ಮೂಲೆಗೆ ಬಿದ್ದ ಹಾಯ್ಟ್ಸ್ (ಮಾರ್ಕ್ ವಾಲ್‌ಬರ್ಗ್), ಮತ್ತು ಲೆಕ್ಕಪತ್ರಗಳೊಳಗಿನ ಮೋಸವನ್ನು ಶೋಧಿಸುವ ಕರಣಿಕನಾದ ಆಲನ್ ಗ್ಯಾಂಬಲ್ (ವಿಲ್ ಫೆರೆಲ್).

ಈ ಗ್ಯಾಂಬಲನ ಪಾತ್ರವೇ ಚಿತ್ರದ ಜೀವ. ಇತರರ ವರದಿಗಳನ್ನೂ ತಾನೇ ಬರೆದುಕೊಡುವುದರಲ್ಲಿ ಅವನಿಗೆ ನಿಜವಾದ ಸಂತೋಷ. ಸಹೋದ್ಯೋಗಿಗಳ ಕುಚೋದ್ಯವನ್ನು ನಂಬಿ ಕಚೇರಿಯೊಳಗೇ ಗುಂಡು ಹಾರಿಸಿದುದಕ್ಕಾಗಿ ಅವನ ಪಿಸ್ತೂಲನ್ನು ಕಸಿದುಕೊಂಡು ಮರದ ಪಿಸ್ತೂಲನ್ನು ಕೊಡುತ್ತಾರೆ. ಆದರೆ ಅವನ ನಿಜವಾದ ಆಯುಧ ಕಡತ. ಎ. ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ಯನ್ನು ಓದಿದ ಕನ್ನಡಿಗರಿಗೆ ಈ ವ್ಯಕ್ತಿ ತೀರ ಅಪರಿಚಿತನಲ್ಲ, ಹುಲಿಯೆದುರು ಸಿಕ್ಕಿಬಿದ್ದ ಅಲ್ಲಿಯ ಶಾನುಭೋಗರ ಕೈಯಲ್ಲಿ ಇದ್ದುದು ಖಿರ್ದಿ ಪುಸ್ತಕ. ವ್ಯತ್ಯಾಸವೆಂದರೆ, ಗ್ಯಾಂಬಲನು ಎದುರಿಸಬೇಕಾದ ಹುಲಿಯೂ ಖಿರ್ದಿಯೊಳಗೇ ಅಡಗಿದೆ. ಕಟ್ಟಡಗಳಿಗೆ ಸಾರವೆ ಕಟ್ಟಲು ಪಡೆಯಬೇಕಾದ ಪರವಾನಗಿಯೊಂದು ಇಲ್ಲದಿರುವುದನ್ನು ಅವನು ಗಮನಿಸುತ್ತಾನೆ. ಹಾಯ್ಟ್ಸ್‌ಗೆ ಇದು ನಗೆಪಾಟಲಿನ ವಿಷಯ. ಆ ಎಳೆಯನ್ನು ಹಿಡಿದು ಹೊರಟರೆ ಡೇವಿಡ್ ಅರ್ಶನ್ (ಸ್ಟೀವ್ ಕೂಗನ್) ಎಂಬ ಹಣಗಾರನ ಮನೆ ಬಾಗಿಲು ಸಿಕ್ಕುತ್ತದೆ. ಲೆಂಡಲ್ ಗ್ಲೋಬಲ್ ಎಂಬ ಕಂಪನಿಯ ಹಣವನ್ನು ಕಳೆದುಕೂತ ಈತನು ಆ ಹಳ್ಳವನ್ನು ಮುಚ್ಚಲು ಬೇರೆಲ್ಲಿಂದಲೋ ಮಣ್ಣು ತರಬೇಕಾಗಿದೆ. ಅವನು ಕಣ್ಣಿಟ್ಟಿರುವ ಮೊತ್ತ 3,200 ಕೋಟಿ ಡಾಲರು. ಕಣ್ಣಿಟ್ಟಿರುವ ನಿಧಿ ನ್ಯೂಯಾರ್ಕ್ ಪೋಲೀಸರ ನಿವೃತ್ತಿ ವೇತನದ ನಿಧಿ.

ಈ ಕಲ್ಪನೆಯ ಬೆಲೆಯನ್ನು ವಿಮರ್ಶಕರು ಸಾಕಷ್ಟು ಗುರುತಿಸಿದಂತಿಲ್ಲ. ಹಿಂದಿನ ಜೋಡಿ ಪೋಲೀಸರು ಕಾಯುತ್ತಿದ್ದುದು ಪರರ ಸ್ವತ್ತನ್ನು. ಇಲ್ಲಿ ಕಳುವಾಗುತ್ತಿರುವುದು ಕಾವಲುಗಾರನ ಮುಪ್ಪಿನ ಅನ್ನ. ಅವನು ಪತ್ತೇದಾರನೂ ಹೌದು, ವಂಚಿತ ಠೇವಣಿದಾರನೂ ಹೌದು. ಠಾಣೆಯ ಮೇಲಧಿಕಾರಿಯಾದ ಮಾಕ್ (ಮೈಕೇಲ್ ಕೀಟನ್) ಮಗನ ಕಾಲೇಜಿನ ಖರ್ಚಿಗೆಂದು ಗೃಹೋಪಯೋಗಿ ವಸ್ತುಗಳ ಅಂಗಡಿಯಲ್ಲಿ ಎರಡನೆಯ ನೌಕರಿ ಮಾಡುವುದನ್ನು ಕೇವಲ ವಿನೋದವೆಂದು ತಳ್ಳಿಹಾಕುವಂತಿಲ್ಲ; ಸಂಬಳದಿಂದ ಬದುಕುವವನ ಸ್ಥಿತಿ ಎಂಥದೆಂಬುದನ್ನು ಕಥೆಯು ಮೊದಲೇ ಹೇಳಿಟ್ಟಿದೆ. ಕೊನೆಯಲ್ಲಿ ಅರ್ಶನ್ ಸೆರೆಯಾಗುತ್ತಾನೆ, ಲೆಂಡಲ್ ಗ್ಲೋಬಲ್‌ಗೆ ಮಾತ್ರ ಸರಕಾರದ ಬೊಕ್ಕಸದಿಂದ ನೆರವು ದೊರೆಯುತ್ತದೆ. ಕಹಿಯಾದ ಈ ಮಾತನ್ನು ಚಿತ್ರವು ಓಡುತ್ತಾ ಹೇಳಿ ಮುಗಿಸುತ್ತದೆ.

ಓಡುತ್ತಾ ಹೇಳುವುದೇ ಇದರ ದೋಷವೂ ಆಗಿದೆ. ಗ್ಯಾಂಬಲನು ಕಡತಗಳಿಂದಲೇ ಗೆಲ್ಲುವನೆಂಬ ನಿರೀಕ್ಷೆಯನ್ನು ಹುಟ್ಟಿಸಿ, ಬಿಕ್ಕಟ್ಟು ಬಿಗಿಯಾದೊಡನೆ ಚಿತ್ರವು ತಾನು ಗೇಲಿಮಾಡಿದ ಹಾದಿಗೇ ಇಳಿಯುತ್ತದೆ: ಗಾಲ್ಫ್ ಚೆಂಡುಗಳ ಪೆಟ್ಟಿನಿಂದ ಹೆಲಿಕಾಪ್ಟರನ್ನು ಕೆಡಹುವುದು, ಬೀದಿಯಲ್ಲಿ ಗುಂಡಿನ ಕಾಳಗ. ಸ್ಫೋಟವೊಂದಕ್ಕೆ ಸಿಕ್ಕ ಗ್ಯಾಂಬಲನು, ಸಿನಿಮಾಗಳಲ್ಲಿ ವೀರರು ತಿರುಗಿಯೂ ನೋಡದೆ ನಡೆದುಹೋಗುವುದು ಹೇಗೆ ಸಾಧ್ಯವೆಂದು ನರಳುವ ದೃಶ್ಯ ಸೊಗಸಾಗಿದೆ; ಆದರೆ ಸ್ವಲ್ಪ ಹೊತ್ತಿನಲ್ಲೇ ಅವನೂ ಅಂಥ ವೀರನಾಗಿಬಿಡುತ್ತಾನೆ. ಇದೇ ಕಷ್ಟವನ್ನು ಇಂಗ್ಲೆಂಡಿನ ಎಡ್ಗರ್ ರೈಟ್ 2007ರ ‘ಹಾಟ್ ಫಜ್’ನಲ್ಲಿ ಹೆಚ್ಚು ಜಾಣ್ಮೆಯಿಂದ ದಾಟಿದ್ದಾರೆ. ಅಲ್ಲಿ ಅರ್ಜಿ ತುಂಬುವುದು, ವರದಿ ಬರೆಯುವುದು ಮೊದಲಾದ ನೀರಸ ಕಾರ್ಯಗಳನ್ನೇ ಗುಂಡಿನ ಕಾಳಗದ ವೇಗದಲ್ಲಿ, ತುಂಡುತುಂಡಾಗಿ ಕತ್ತರಿಸಿ ತೋರಿಸಿದೆ. ಕಾಗದದ ಕೆಲಸಕ್ಕೆ ತನ್ನದೇ ಆದ ಲಯವೊಂದು ಅಲ್ಲಿ ಸಿಕ್ಕಿದೆ. ಮೆಕ್ಕೇ ಅವರಿಗೆ ಅದು ಸಿಕ್ಕಿಲ್ಲ. ಗ್ಯಾಂಬಲನ ಹೆಂಡತಿಯ ರೂಪವನ್ನು ಕುರಿತ ವಿನೋದವೂ ಅವನ ಕಾಲೇಜು ದಿನಗಳ ಕಥೆಯೂ ಒಮ್ಮೆ ನಗಿಸಿ ಆಮೇಲೆ ಹಳಸುತ್ತವೆ. ಅವುಗಳಿಗೆ ಕೊಟ್ಟ ಸಮಯದ ಕಾಲುಭಾಗವನ್ನು ಅರ್ಶನನ ಲೆಕ್ಕಕ್ಕೆ ಕೊಟ್ಟಿದ್ದರೆ ಮೋಸದ ಸ್ವರೂಪ ನೋಡುಗರಿಗೆ ತಿಳಿಯುತ್ತಿತ್ತು. ಆದರೂ ಒಂದು ಔಚಿತ್ಯವನ್ನು ಮರೆಯಲಾಗದು: ಎಲ್ಲ ಓಟವೂ ಮುಗಿಯುವುದು ಒಂದು ಬ್ಯಾಂಕಿನಲ್ಲಿ, ಒಂದು ಹಣವರ್ಗಾವಣೆಯನ್ನು ತಡೆಯುವುದರಲ್ಲಿ. ಲೋಕ ಉಳಿಯುವುದು ಒಂದು ಜಮೆ ಬೀಳದಿರುವುದರಿಂದ.

ಆಶ್ಚರ್ಯದ ಸಂಗತಿಯೆಂದರೆ, ಕಥೆ ಹೇಳದೆ ಬಿಟ್ಟುದನ್ನು ಹೆಸರುಪಟ್ಟಿ ಹೇಳುತ್ತದೆ. ಕಲಾವಿದರ, ಕೆಲಸಗಾರರ ಹೆಸರುಗಳು ತೆರೆಯ ಮೇಲೆ ಸರಿಯುತ್ತಿರುವಾಗ ಅವುಗಳ ಜೊತೆಗೆ ಚಲಿಸುವ ನಕ್ಷೆಗಳೂ ಅಂಕಿಗಳೂ ಬರುತ್ತವೆ: ಪಾಂಜಿ ವಂಚನೆ ನಡೆಯುವ ಬಗೆ, ಸರಕಾರವು ಹಣಕಾಸು ಸಂಸ್ಥೆಗಳಿಗೆ ನೀಡಿದ ನೆರವು, ಸಾಮಾನ್ಯ ನೌಕರನ ಸಂಬಳದ ಪಕ್ಕದಲ್ಲಿ ಕಂಪನಿಯ ಮುಖ್ಯಾಧಿಕಾರಿಯ ಆದಾಯ. ಇವು ಕಟ್ಟುಕಥೆಯಲ್ಲ. 1920ರಲ್ಲಿ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪಾಂಜಿ 45 ದಿನಗಳಲ್ಲಿ ನೂರಕ್ಕೆ 50ರ ಲಾಭ ಕೊಡುವುದಾಗಿ ಹಣ ಸಂಗ್ರಹಿಸಿ, ಹಿಂದೆ ಬಂದವರ ಹಣವನ್ನು ಮುಂದೆ ಬಂದಿದ್ದವರಿಗೆ ಹಂಚಿದನು. ಅವನ ಟೋಪಿ ಇವನಿಗೆ, ಇವನ ಟೋಪಿ ಅವನಿಗೆ. ಅದೇ ವಿದ್ಯೆಯನ್ನು ದಶಕಗಳ ಕಾಲ ನಡೆಸಿದ ಬರ್ನಾರ್ಡ್ ಮೇಡಾಫ್ 2008ರ ಡಿಸೆಂಬರಿನಲ್ಲಿ ಸೆರೆಯಾಗಿ, 2009ರ ಜೂನಿನಲ್ಲಿ 150 ವರ್ಷಗಳ ಶಿಕ್ಷೆಗೆ ಗುರಿಯಾದನು. 2008ರ ಅಕ್ಟೋಬರಿನಲ್ಲಿ ಅಮೆರಿಕದ ಶಾಸನಸಭೆ ಹಣಕಾಸು ವ್ಯವಸ್ಥೆಯ ರಕ್ಷಣೆಗೆಂದು ಮಂಜೂರು ಮಾಡಿದ ಮೊತ್ತ 70,000 ಕೋಟಿ ಡಾಲರು. ಎರಡು ತಾಸಿನ ನಗೆಯ ಅಡಿಪಾಯ ಏನೆಂಬುದು ಪ್ರೇಕ್ಷಕನು ಕುರ್ಚಿ ಬಿಟ್ಟೇಳುವ ಹೊತ್ತಿಗೆ ಗೊತ್ತಾಗುತ್ತದೆ.

ಆದರೆ ಆ ಹೊತ್ತಿಗೆ ನೋಡುವವರು ಯಾರು? ಭಾರತದ ಅನೇಕ ಚಿತ್ರಮಂದಿರಗಳಲ್ಲಂತೂ ಹೆಸರುಪಟ್ಟಿ ಆರಂಭವಾಗುತ್ತಲೇ ದೀಪ ಹೊತ್ತಿಸಿ ಬಾಗಿಲು ತೆರೆಯುವುದು ರೂಢಿ. ಕುಳಿತವನಿಗೂ ಹೆಸರನ್ನು ಓದಬೇಕೋ ಅಂಕಿಯನ್ನು ಓದಬೇಕೋ ತಿಳಿಯದಷ್ಟು ವೇಗ. ಹಸ್ತಪ್ರತಿಗಳೊಡನೆ ಬಳಕೆಯಿರುವವರು ಪುಷ್ಪಿಕೆಯ ಬೆಲೆಯನ್ನು ಬಲ್ಲರು. ಕಾವ್ಯ ಮುಗಿದ ಮೇಲೆ ಲಿಪಿಕಾರನು ಬರೆದಿಟ್ಟ ನಾಲ್ಕು ಸಾಲುಗಳಿಂದಲೇ ಕಾಲ, ದೇಶ, ಆಶ್ರಯದಾತರ ಸಂಗತಿ ಎಷ್ಟೋ ಸಲ ಹೊರಬಿದ್ದಿದೆ. ಈ ಚಿತ್ರದ ಪುಷ್ಪಿಕೆಯನ್ನು ಓದಲು ಸಾಧ್ಯವಾದುದು 2010ರ ಡಿಸೆಂಬರಿನಲ್ಲಿ ಡಿವಿಡಿ, ಬ್ಲೂ-ರೇ ಮುದ್ರಿಕೆಗಳು ಹೊರಬಂದ ಮೇಲೆ. ತಡೆಯುವ ಗುಂಡಿಯೊಂದು ಕೈಯಲ್ಲಿದ್ದರೆ ನಕ್ಷೆಯು ನಿಲ್ಲುತ್ತದೆ, ಅಂಕಿಯು ನಿಲ್ಲುತ್ತದೆ, ನೋಡುಗನು ಓದುಗನಾಗುತ್ತಾನೆ. ಆಧಾರವನ್ನು ಹೇಳದೆ ಬರುವ ಆ ಅಂಕಿಗಳನ್ನು ಬೇಕಾದವರು ಬರೆದುಕೊಂಡು ಪರೀಕ್ಷಿಸಬಹುದು.

ಮುದ್ರಿಕೆಯ ಪ್ರಕಾಶಕರು ಇದನ್ನು ಅರಿತಿದ್ದರೆಂದು ತೋರುವುದಿಲ್ಲ. ಅವರು ಮಾರಿದ ಸರಕು ಪಾಠಾಂತರ: ಚಿತ್ರಮಂದಿರದ 107 ನಿಮಿಷಗಳ ಪಾಠದೊಡನೆ, ವಯೋಮಿತಿಯ ದರ್ಜೆಗೆ ಒಳಪಡಿಸದ 116 ನಿಮಿಷಗಳ ಇನ್ನೊಂದು ಪಾಠ. ಹೆಚ್ಚಿನ ನಿಮಿಷಗಳು ಲೆಕ್ಕಕ್ಕೆ ಸಂದಿಲ್ಲ, ಬಹುಮಟ್ಟಿಗೆ ವಿನೋದದ ಲಂಬನಕ್ಕೆ ಸಂದಿವೆ. ನಟರು ಆಶುವಾಗಿ ಆಡಿದ ಮಾತುಗಳಲ್ಲಿ ಕೆಲವು ರುಚಿಕರವಾಗಿವೆ. ಆದರೆ ಮೊದಲೇ ಸಡಿಲವಾಗಿದ್ದ ಬಂಧ ಇನ್ನಷ್ಟು ಸಡಿಲಗೊಂಡಿದೆ. ಸಂಪಾದಕನ ಕಣ್ಣಿಗೆ ಇವು ಪ್ರಕ್ಷಿಪ್ತವೆಂದೇ ಕಂಡಾವು, ಕವಿಯ ಕೈಯವೇ ಆಗಿದ್ದರೂ. ಮುದ್ರಿಕೆಯಲ್ಲಿನ ಒಂದು ಟೀಕೆ ಮಾತ್ರ ಹೊಸ ಬಗೆಯದು: ಚಿತ್ರವನ್ನು ಮಾಡಿದವರ ತಾಯಂದಿರು ಕೂಡಿ ಕುಳಿತು, ಓಡುವ ಚಿತ್ರದ ಮೇಲೆ ಮಾತನಾಡುತ್ತಾರೆ. ಮಲ್ಲಿನಾಥನ ವಂಶದವರು ಇದನ್ನು ಒಪ್ಪದಿರಬಹುದು. ನಿರ್ದೇಶಕನೇ ತನ್ನ ಕೃತಿಯನ್ನು ತಾನೇ ಹೊಗಳಿಕೊಳ್ಳುವ ವಾಡಿಕೆಯ ಟೀಕೆಗಳಿಗಿಂತ ಇದು ಎಷ್ಟೋ ಮೇಲು.

2015ರ ‘ದಿ ಬಿಗ್ ಶಾರ್ಟ್’ನಲ್ಲಿ ಮೆಕ್ಕೇ ಹೆಸರುಪಟ್ಟಿಯ ಈ ಪಾಠವನ್ನು ಕಥೆಯ ನಡುವಿಗೇ ತಂದರು, ಪಾತ್ರಗಳನ್ನು ನಿಲ್ಲಿಸಿ, ಖ್ಯಾತ ತಾರೆಯರ ಬಾಯಿಂದ ಮನೆಸಾಲದ ಪತ್ರಗಳ ವ್ಯವಹಾರವನ್ನು ನೋಡುಗರಿಗೆ ನೇರವಾಗಿ ವಿವರಿಸಿದರು. ಚಾರ್ಲ್ಸ್ ರ‍್ಯಾಂಡಾಲ್ಫ್ ಅವರೊಡನೆ ಬರೆದ ಆ ಚಿತ್ರಕಥೆಗೆ 2016ರಲ್ಲಿ ಆಸ್ಕರ್ ಪ್ರಶಸ್ತಿಯೂ ಸಂದಿತು. ಅದು ಹೆಚ್ಚು ತಿಳಿವಳಿಕೆಯ ಚಿತ್ರ. ಆದರೆ ಅದರ ಜನರೆಲ್ಲ ಹಣದ ಲೋಕದವರು, ಕುಸಿತದ ಮೇಲೆ ಪಣವೊಡ್ಡಿ ಗೆದ್ದವರು. ನಿವೃತ್ತಿ ವೇತನವನ್ನು ನೆಚ್ಚಿ ಕುಳಿತವನು ಅಲ್ಲಿ ಬಹುಮಟ್ಟಿಗೆ ತೆರೆಯ ಹೊರಗಿದ್ದಾನೆ. ಅವನು ತೆರೆಯ ನಡುವೆ ಇರುವುದು ಮರದ ಪಿಸ್ತೂಲಿನ ಈ ನಗೆಚಿತ್ರದಲ್ಲಿ. ಇತ್ತೀಚೆಗೆ ಅಂತರಜಾಲದಲ್ಲಿ ಚಿತ್ರ ತೋರಿಸುವ ಸಂಸ್ಥೆಗಳು ಕಥೆ ಮುಗಿದೊಡನೆ ಹೆಸರುಪಟ್ಟಿಯನ್ನು ಅಂಚೆಚೀಟಿಯಷ್ಟು ಕಿರಿದುಮಾಡಿ ಮುಂದಿನ ಚಿತ್ರಕ್ಕೆ ಕೂಗಿ ಕರೆಯುವ ಪದ್ಧತಿಯನ್ನು ತಂದಿವೆ. ಡಿವಿಡಿ ಮುದ್ರಿಕೆಯಲ್ಲಿ ಆ ಅಂಕಿಗಳು ಇನ್ನೂ ತೆರೆಯ ಪೂರ್ಣ ಅಗಲಕ್ಕೆ ಕಾಣುತ್ತವೆ.