ಶ್ರವಣಾತೀತ ಧ್ವನಿಯೂ ಆಹಾರದ ಪೊಟ್ಟಣವೂ : ಒಂದು ವಿಮರ್ಶೆ

ಆಹಾರದ ಡಬ್ಬಿ, ಪೊಟ್ಟಣಗಳನ್ನು ಒಡೆಯದೆಯೇ ಅವುಗಳ ದೋಷವನ್ನು ಶ್ರವಣಾತೀತ ಧ್ವನಿಯಿಂದ ಪತ್ತೆಹಚ್ಚುವ ವಿಧಾನವನ್ನು ಕುರಿತ ಬರಹಗಳಲ್ಲಿ ಎರಡು ಮಾತುಗಳು ಸಾಮಾನ್ಯವಾಗಿ ಕಂಡುಬರುತ್ತವೆ. ಈ ವಿಧಾನವು ತೀರ ನೂತನವೆಂಬುದು ಒಂದು. ಇದರಿಂದ ಆಹಾರದ ಶುದ್ಧಿ ನಿಶ್ಚಿತವಾಗುವುದೆಂಬುದು ಇನ್ನೊಂದು. ಇವೆರಡನ್ನೂ ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಮಾತನ್ನು ವಿಚಾರಿಸೋಣ. ಸೊರಬ ತಾಲ್ಲೂಕಿನ ಗುಡವಿಯಂತಹ ಊರಿನಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡದೆ ಹಣ ಕೊಡುವುದಿಲ್ಲ. ನಾದ ತುಂಬಿ ಬಂದರೆ ಮಡಕೆ ಗಟ್ಟಿ. ಒಡಕು ದನಿ ಕೇಳಿದರೆ ಎಲ್ಲಿಯೋ ಬಿರುಕುಂಟು. ಹಲಸು ಬಲಿತುದನ್ನು ಅರಿಯುವುದೂ ಹೀಗೆಯೇ. ಫ್ರಾನ್ಸಿನ ನಿಕೊಲಾ ಅಪೆರ್ ಆಹಾರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ರಕ್ಷಿಸುವ ಕ್ರಮವನ್ನು 1810ರಲ್ಲಿ ಪ್ರಕಟಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡನು ತವರ ಲೇಪಿಸಿದ ಡಬ್ಬಿಗೆ ಪೇಟೆಂಟ್ ಪಡೆದನು. ಮುಂದೆ ಬೆಳೆದ ಡಬ್ಬಿಯ ಕಾರ್ಖಾನೆಗಳಲ್ಲಿ ಮುಚ್ಚಳವನ್ನು ತಟ್ಟಿ, ಒಳಗಿನ ನಿರ್ವಾತ ಕೆಟ್ಟಿದೆಯೇ ಎಂದು ದನಿಯಿಂದಲೇ ನಿರ್ಣಯಿಸುವ ಕುಶಲ ಕೆಲಸಗಾರರಿದ್ದರು. ಆದುದರಿಂದ ಧ್ವನಿಯಿಂದ ಪಾತ್ರೆಯನ್ನು ಪರೀಕ್ಷಿಸುವುದು ಹಳೆಯ ವಿದ್ಯೆ. ಮನುಷ್ಯನ ಕಿವಿಗೆ ನಿಲುಕದ, ಸೆಕೆಂಡಿಗೆ 20,000ಕ್ಕೂ ಮೀರಿದ ಸ್ಪಂದನಗಳನ್ನು ಇದಕ್ಕೆ ಬಳಸಿದುದಷ್ಟೇ ಹೊಸದು.

ಈ ಸ್ಪಂದನಗಳ ಅಧ್ಯಯನದಲ್ಲಿ ನಮ್ಮ ನಾಡಿಗೂ ಪಾಲುಂಟು. ಅವು ದ್ರವದಲ್ಲಿ ಚಲಿಸುವಾಗ ಬೆಳಕು ಚದುರುವ ಬಗೆಯನ್ನು ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು 1935-36ರಲ್ಲಿ ಬೆಂಗಳೂರಿನಲ್ಲಿ ವಿವರಿಸಿದರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ 1950ರಲ್ಲಿ ಸ್ಥಾಪಿತವಾಯಿತು. ಇವೆರಡೂ ಒಂದೇ ನಾಡಿನಲ್ಲಿ ನಡೆದುವೆಂಬ ಕಾರಣಕ್ಕೆ ಒಂದರಿಂದ ಇನ್ನೊಂದು ಹುಟ್ಟಿತೆಂದು ವಂಶಾವಳಿ ಕಟ್ಟುವುದು ಮಾತ್ರ ಇತಿಹಾಸಕಾರನಿಗೆ ಸಲ್ಲದು.

ಎರಡನೆಯ ಮಾತು ಇನ್ನೂ ದುರ್ಬಲವಾದುದು. ಪೊಟ್ಟಣದ ಬಾಯಿಯ ಎರಡು ಪದರಗಳು ಚೆನ್ನಾಗಿ ಬೆಸೆದಿದ್ದರೆ ಧ್ವನಿ ದಾಟಿಹೋಗುತ್ತದೆ. ನಡುವೆ ಗಾಳಿಯ ಸಂದು ಉಳಿದಿದ್ದರೆ ಬಹುಮಟ್ಟಿಗೆ ಮರಳಿ ಬರುತ್ತದೆ. ಬೆಸುಗೆಯ ದೋಷ ತಿಳಿಯುವುದು ಈ ವ್ಯತ್ಯಾಸದಿಂದ. ಆದರೆ ಇದೇ ಗುಣವು ಮಿತಿಯೂ ಆಗಿದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನು ನೆನೆಯಿರಿ. ಮೇಲ್ಭಾಗದ ಗಾಳಿ ಧ್ವನಿಯನ್ನು ತಡೆಯುತ್ತದೆ. ಮಿಡಿಯೂ ಮಸಾಲೆಯೂ ಅದನ್ನು ಚದುರಿಸುತ್ತವೆ. ಅದರೊಳಗಿನ ಗಾಜಿನ ಚೂರಿನ ಮಾರ್ದನಿಯನ್ನು ಮಿಡಿಯ ಮಾರ್ದನಿಯಿಂದ ಬೇರ್ಪಡಿಸುವುದು ಸುಲಭವಲ್ಲ. ತಿಳಿಯಾದ ಹಣ್ಣಿನ ರಸದಲ್ಲಿ ಸಾಧ್ಯವಾದುದು ಇಲ್ಲಿ ಹಾಗೆಯೇ ಸಾಧ್ಯವಾಗದು. ಬೆಸುಗೆಯ ಸಂದಿನಿಂದ ಒಳಹೊಕ್ಕ ಸೂಕ್ಷ್ಮಜೀವಿಯ ವಿಷವಂತೂ ಈ ಮಾರ್ದನಿಯಲ್ಲಿ ಕೇಳಿಬರುವುದಿಲ್ಲ. ಬೆಸುಗೆ ಸರಿಯಿದೆ ಎಂಬುದೂ ಆಹಾರ ಶುದ್ಧವಾಗಿದೆ ಎಂಬುದೂ ಬೇರೆ ಬೇರೆ ವಾಕ್ಯಗಳು.

ನಮಗೆ ಮುಖ್ಯವಾಗಿ ಕಾಣುವುದು ಈ ಬರಹಗಳು ಗಮನಿಸದ ಮೂರನೆಯ ಸಂಗತಿ. ಮಡಕೆಯನ್ನು ತಟ್ಟುವವನು ಕೊಳ್ಳುವವನೇ ಆಗಿದ್ದನು. ಪರೀಕ್ಷೆಯೂ ತೀರ್ಪೂ ಮಾರುವವನ ಕಣ್ಣೆದುರಿಗೇ ನಡೆಯುತ್ತಿದ್ದುವು. ಈಗ ಪರೀಕ್ಷಿಸುವವನು ತಯಾರಕ. ಕೊಳ್ಳುವವನಿಗೆ ಉಳಿದುದು ನಂಬಿಕೆಯೊಂದೇ. 1954ರ ಕಲಬೆರಕೆ ನಿವಾರಣಾ ಕಾಯಿದೆಯ ಸ್ಥಾನಕ್ಕೆ ಬಂದ 2006ರ ಆಹಾರ ಸುರಕ್ಷತೆಯ ಕಾಯಿದೆಯು ಹೊಣೆಯನ್ನು ಆಹಾರದ ಉದ್ಯಮಿಯ ಮೇಲೆ ಹೊರಿಸಿದೆ, ಇದು ಯೋಗ್ಯವೇ. ಆದರೆ ಎಷ್ಟು ಪೊಟ್ಟಣಗಳನ್ನು ಪರೀಕ್ಷಿಸಿದರು, ಎಷ್ಟನ್ನು ತಳ್ಳಿಹಾಕಿದರು ಎಂಬುದು ಕೊಳ್ಳುವವನಿಗೆ ತಿಳಿಯದಿದ್ದರೆ, ಯಂತ್ರ ಎಷ್ಟು ಸೂಕ್ಷ್ಮವಾದರೂ ಅವನ ಪಾಲಿಗೆ ಅದು ಮೂಕ.

ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಮಾರುವ ಹೆಂಗಸಿಗೆ ಇಂತಹ ಯಂತ್ರ ಎಟುಕದು. ಮುಚ್ಚಿದ ಪೊಟ್ಟಣವನ್ನು ನೀರಿನಲ್ಲಿ ಮುಳುಗಿಸಿ ಒತ್ತಿದಾಗ ಗುಳ್ಳೆ ಬರುವುದೇ ಎಂದು ನೋಡುವುದು ಅವಳಿಗೆ ಸಾಧ್ಯ. ಅತಿ ಸಣ್ಣ ರಂಧ್ರವು ಇದರಲ್ಲಿ ತಪ್ಪಿಸಿಕೊಳ್ಳಬಹುದು. ಆದರೂ ಈ ಪರೀಕ್ಷೆ ಎಲ್ಲರೂ ಕಾಣುವಂತಹುದು. ಯಂತ್ರದ ಚರಿತ್ರೆಯನ್ನು ಬರೆಯುವವರು ಅದನ್ನು ಕಂಡುಹಿಡಿದವರ ಹೆಸರುಗಳೊಡನೆ, ಪರೀಕ್ಷೆಯ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನೂ ಬರೆಯತಕ್ಕದ್ದು. ಅದಿಲ್ಲದ ಚರಿತ್ರೆ ಅಪೂರ್ಣವೆಂದೇ ನಮ್ಮ ಅಭಿಪ್ರಾಯ.