ಎಲೆಯ ಊರು, ಎಲೆಯ ವರುಷ

ಚೀನದ ಫುಜಿಯನ್ ಪ್ರಾಂತದ ವೂಯಿ ಪರ್ವತಶ್ರೇಣಿಯಲ್ಲಿ, ಜಿಯುಲಾಂಗ್‌ಕೆ ಎಂಬ ಕಂದರದ ಬಂಡೆಗೋಡೆಯ ಮೇಲೆ, ಕಲ್ಲು ಕಟ್ಟಿದ ಪುಟ್ಟ ಪಾತಿಯಲ್ಲಿ ಆರು ಮುದಿ ಚಹಾಗಿಡಗಳಿವೆ. ‘ದಾ ಹೊಂಗ್ ಪಾವ್’, ಎಂದರೆ ದೊಡ್ಡ ಕೆಂಪು ನಿಲುವಂಗಿ, ಎಂಬ ಹೆಸರಿನಿಂದ ರಸಿಕರು ಕೊಂಡಾಡುವ ಚಹಾಕ್ಕೆ ಮಾತೃಸ್ಥಾನದಲ್ಲಿರುವ ಈ ಗಿಡಗಳ ಕೊಯ್ಲನ್ನು 2006ರಲ್ಲಿಯೇ ನಿಲ್ಲಿಸಲಾಯಿತು. ಆದರೂ ಅಂತರ್ಜಾಲದಲ್ಲಿ ಆ ಹೆಸರನ್ನು ಬರೆದು ಹುಡುಕಿದವರಿಗೆ ಕ್ಷಣಮಾತ್ರದಲ್ಲಿ ನೂರಾರು ಪೊಟ್ಟಣಗಳು ಎದುರಾಗುತ್ತವೆ. ಅವೆಲ್ಲವೂ ಮೋಸದ ಸರಕಲ್ಲ: ಆ ಗಿಡಗಳ ಟಿಸಿಲಿನಿಂದ ವೃದ್ಧಿಯಾದ ‘ಚೀ ದಾನ್’ ತಳಿಯ ಎಲೆಯೂ, ವೂಯಿಯ ಹಲವು ತಳಿಗಳನ್ನು ನುರಿತ ಕೈ ಹದವರಿತು ಬೆರೆಸಿದ ಮಿಶ್ರಣವೂ ಆ ಹೆಸರನ್ನು ನ್ಯಾಯವಾಗಿಯೇ ಧರಿಸುತ್ತವೆ. ತನ್ನ ಸರಕು ಇವೆರಡರಲ್ಲಿ ಯಾವುದೆಂದು ತಾನಾಗಿ ಹೇಳುವ ವರ್ತಕನಿಂದ ಕೊಳ್ಳಬೇಕು. ಹೆಸರನ್ನಷ್ಟೇ ಹೊಗಳಿ ಸುಮ್ಮನಾಗುವವನನ್ನು ಬಿಡಬೇಕು. ಹಲವು ವರ್ಷಗಳ ಹುಡುಕಾಟದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಇದೊಂದನ್ನೇ.

ಎಲೆಯ ಊರನ್ನು ವಿಚಾರಿಸುವ ಪದ್ಧತಿ ಹೊಸದೇನಲ್ಲ. ಎಂಟನೆಯ ಶತಮಾನದಲ್ಲಿ, ತಾಂಗ್ ಅರಸರ ಕಾಲದಲ್ಲಿ, ಚಹಾವನ್ನೇ ವಿಷಯವಾಗಿಟ್ಟುಕೊಂಡು ‘ಚಾ ಜಿಂಗ್’ ಎಂಬ ಗ್ರಂಥವನ್ನು ರಚಿಸಿದ ಲೂ ಯೂ, ಒಂದು ಅಧ್ಯಾಯವನ್ನು ಇಡಿಯಾಗಿ ಸೀಮೆಸೀಮೆಗಳ ಎಲೆಯ ತಾರತಮ್ಯಕ್ಕೆ ಮೀಸಲಿಟ್ಟಿದ್ದಾನೆ. ಕಲ್ಲು ಸವೆದು ಉಂಟಾದ ನೆಲದಲ್ಲಿ ಬೆಳೆದ ಚಹಾವೇ ಶ್ರೇಷ್ಠವೆಂದು ನಿರ್ಣಯಿಸಿದ್ದಾನೆ. ನಮ್ಮ ‘ಚಹಾ’ ಎಂಬ ಮಾತೂ ‘ಟೀ’ ಎಂಬ ಮಾತೂ ಅದೇ ದೇಶದಿಂದ ಹೊರಟವು. ಮೊದಲನೆಯದರ ಮೂಲ ಅಲ್ಲಿನ ಬಹುಭಾಗದ ನುಡಿಗಳ ‘ಚಾ’, ಎರಡನೆಯದರದು ಫುಜಿಯನ್ ಕರಾವಳಿಯ ‘ತೆ’. ಮಾತು ಬಂದಷ್ಟು ಸುಲಭವಾಗಿ ಆ ಎಲೆ ನಮ್ಮಲ್ಲಿಗೆ ಬರಲಿಲ್ಲ. ಹಾಲು ಸಕ್ಕರೆಗಳ ಹಂಗಿಲ್ಲದೆ, ಬಿಸಿನೀರಿನಲ್ಲಿ ತನ್ನ ಗುಣವನ್ನು ತಾನೇ ತೋರಬಲ್ಲ ಇಡಿಯ ಎಲೆ ನಮ್ಮ ಪೇಟೆಗಳಲ್ಲಿ ದುರ್ಲಭವಾದಕಾರಣ ಬೇಕೆನ್ನುವವರು ದೂರದಿಂದಲೇ ತರಿಸಿಕೊಳ್ಳಬೇಕಾಗಿದೆ. ಮೂಸಿ ನೋಡದೆ, ಬೆರಳಿಗೆ ತಾಗಿಸದೆ, ವರ್ತಕನ ಮಾತನ್ನೇ ನಂಬಿ ಹಣ ಕೊಡಬೇಕಾಗಿದೆ.

ಹಾಗೆ ನಂಬಿ ನಾನೂ ಒಮ್ಮೆ ಕೆಟ್ಟೆ. ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಆಸುಪಾಸಿನಲ್ಲಿ, ಗೊತ್ತುಮಾಡಿದ 168 ಚದರ ಕಿಲೋಮೀಟರಿನೊಳಗೆ ಬೆಳೆದ ಹಸಿರು ಚಹಾಕ್ಕೆ ಮಾತ್ರ ‘ಶೀಹು ಲಾಂಗ್‌ಜಿಂಗ್’ ಎಂಬ ಹೆಸರು ಸಲ್ಲುತ್ತದೆ. ಝೆಜಿಯಾಂಗ್ ಪ್ರಾಂತದ ಇತರ ಸೀಮೆಗಳಲ್ಲಿ ಬೆಳೆದದ್ದು ಬರಿಯ ಲಾಂಗ್‌ಜಿಂಗ್. ಏಪ್ರಿಲ್ 4 ಅಥವಾ 5ಕ್ಕೆ ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಚಿವುಟಿದ ಕುಡಿಗೆ ಅಲ್ಲಿ ಅಧಿಕ ಮನ್ನಣೆ, ಅಧಿಕ ಬೆಲೆ. ಒಬ್ಬ ವರ್ತಕ ಮಾರ್ಚ್ ತಿಂಗಳ ಆರಂಭದಲ್ಲಿಯೇ ಆ ವರ್ಷದ ಸರೋವರದ ಚಹಾ ಬಂದಿತೆಂದು ಸಾರಿದಾಗ ನಾನು ಆತುರದಿಂದ ತರಿಸಿದೆ. ಬಂದದ್ದು ಬಹುಶಃ ಅದೇ ಪ್ರಾಂತದ ‘ವೂ ನಿಯು ಝಾವ್’ ಎಂಬ ಬೇಗ ಚಿಗುರುವ ಬೇರೊಂದು ತಳಿ; ಬಾಣಲೆಯಲ್ಲಿ ಒತ್ತಿ ಚಪ್ಪಟೆ ಮಾಡಿದರೆ ಅದೂ ನೋಡುವ ಕಣ್ಣಿಗೆ ಲಾಂಗ್‌ಜಿಂಗಿನಂತೆಯೇ ಕಾಣುತ್ತದೆ. ಸರೋವರದ ದಂಡೆಯ ಗುಡ್ಡಗಳ ಹಳೆಯ ನಾಟಿ ತಳಿ ಅಷ್ಟು ಬೇಗ ಚಿಗುರುವುದಿಲ್ಲವೆಂಬ ಒಂದು ಸಂಗತಿ ನನಗೆ ತಿಳಿದಿದ್ದರೆ ಆ ಹಣ ಉಳಿಯುತ್ತಿತ್ತು.

ಒಳ್ಳೆಯ ಲಾಂಗ್‌ಜಿಂಗ್ ಬಂದ ದಿನದ ಸಂತೋಷವೇ ಬೇರೆ. ಪೊಟ್ಟಣ ಕತ್ತರಿಸುತ್ತಲೇ ಹುರಿದ ಕಾಳಿನ ಬೆಚ್ಚಗಿನ ಕಂಪು ಹೊಮ್ಮುತ್ತದೆ; ಎಲೆ ಕತ್ತಿಯಲಗಿನಂತೆ ಚಪ್ಪಟೆ, ನುಣುಪು, ಹಳದಿ ಬೆರೆತ ಹಸಿರು. ನೀಳವಾದ ಗಾಜಿನ ಲೋಟಕ್ಕೆ ಮೂರು ಗ್ರಾಮು ಹಾಕಿ, ಕುದಿದು ಸುಮಾರು 80 ಡಿಗ್ರಿಗೆ ಇಳಿದ ನೀರನ್ನು ಅಂಚಿನಿಂದ ಮೆಲ್ಲಗೆ ಎರೆದರೆ, ಮೇಲೆ ತೇಲುತ್ತಿದ್ದ ಎಲೆಗಳು ನೀರು ಕುಡಿದಂತೆ ತೊಟ್ಟು ಕೆಳಗಾಗಿ ನಿಲ್ಲುತ್ತವೆ, ಮತ್ತೆ ಒಂದೊಂದಾಗಿ ತಳಕ್ಕಿಳಿಯುತ್ತವೆ. ಕುಡಿದಾದ ಮೇಲೆ ಆ ಎಲೆಯನ್ನು ಚೆಲ್ಲದೆ ಬಿಳಿಯ ತಟ್ಟೆಯಲ್ಲಿ ಹರಡಿ ನೋಡಬೇಕು. ಒಂದು ಕುಡಿ, ಅದಕ್ಕೆ ಅಂಟಿದ ಒಂದೆರಡು ಎಳೆಯೆಲೆ, ಹರಿಯದ ಅಂಚು, ಸಮನಾದ ಬಣ್ಣ: ಇಷ್ಟು ಕಂಡರೆ ವರ್ತಕ ಸತ್ಯವಂತ. ಜಾಹೀರಾತಿನ ಚಿತ್ರವನ್ನು ಎಲ್ಲಿಂದಾದರೂ ತರಬಹುದು. ನೆನೆದು ಬಿಚ್ಚಿಕೊಂಡ ಎಲೆ ಸುಳ್ಳು ಹೇಳಲಾರದು.

ಒಂದೊಂದು ಜಾತಿಗೆ ಒಂದೊಂದು ಪಂಚಾಂಗವುಂಟು. ವೂಯಿಯ ಬಂಡೆಚಹಾವನ್ನು ವಸಂತದ ಕೊನೆಗೆ ಕೊಯ್ದು, ಇದ್ದಿಲ ಕಾವಿನಲ್ಲಿ ಹಲವು ಸಲ ಹುರಿದು, ನಡುನಡುವೆ ವಿಶ್ರಾಂತಿಗೊಳಿಸಿ ಸಿದ್ಧಪಡಿಸುವುದರಿಂದ, ಜೂನ್ ತಿಂಗಳಿನಲ್ಲಿಯೇ ಆ ವರ್ಷದ ಎಲೆಯನ್ನು ಮಾರುವವನಲ್ಲಿ ಅವಸರ ಬೇಡ. ಯುನ್ನಾನಿನ ಪು-ಅರ್ ಚಹಾದಲ್ಲಿ ಗೊಂದಲ ಇನ್ನೂ ಹೆಚ್ಚು. ಮೆಂಗ್‌ಹೈ ಕಾರ್ಖಾನೆಯ 357 ಗ್ರಾಮಿನ ಬಿಲ್ಲೆಯ ಮೇಲೆ 7542 ಎಂದಿದ್ದರೆ ಅದು 1975ರಲ್ಲಿ ತಯಾರಾದ ಬಿಲ್ಲೆಯೆಂದು ಹೊಸಬರು ಹಿಗ್ಗುತ್ತಾರೆ. ಆ 75 ಮಿಶ್ರಣದ ಸೂತ್ರ ಹುಟ್ಟಿದ ವರ್ಷ, 4 ಎಲೆಯ ದರ್ಜೆ, 2 ಕಾರ್ಖಾನೆಯ ಗುರುತು. ಬಿಲ್ಲೆಯ ವಯಸ್ಸು ಬೇರೆಯೇ. ಹಳೆಯ ಬಿಲ್ಲೆಯನ್ನು ಕೊಳ್ಳುವವರು ಅದು ಒಣಹವೆಯ ಕುನ್ಮಿಂಗಿನಲ್ಲಿ ಹಣ್ಣಾಯಿತೋ, ತೇವದ ಹಾಂಗ್‌ಕಾಂಗಿನಲ್ಲಿ ಹಣ್ಣಾಯಿತೋ ಎಂದು ತಪ್ಪದೆ ಕೇಳಬೇಕು.

ಅಂಗಡಿಗಳ ಹೆಸರನ್ನೂ ಹೇಳಿಬಿಡುತ್ತೇನೆ. ಪು-ಅರ್ ಬೇಕಾದವರು ಯುನ್ನಾನ್ ಸೋರ್ಸಿಂಗ್‌ನಲ್ಲಿ ಹುಡುಕಲಿ; ಬಂಡೆಚಹಾಕ್ಕೆ, ಬೆಳೆದವರೇ ನೇರವಾಗಿ ಮಾರುವ ವೂಯಿ ಆರಿಜಿನ್; ಹಸಿರು ಚಹಾಕ್ಕೆ, ಅಮೆರಿಕದ ಟೂಸಾನ್ ನಗರದ ಸೆವೆನ್ ಕಪ್ಸ್. ಊರು, ತಳಿ, ಕೊಯ್ಲಿನ ಕಾಲ ಇವನ್ನು ಎಲೆಯೊಡನೆ ತಿಳಿಸುವ ರೂಢಿಯುಳ್ಳ ಅಂಗಡಿಗಳಿವು. ನಮ್ಮ ದೇಶಕ್ಕೆ ತರಿಸುವಾಗ ಸಾಗಣೆಯ ವೆಚ್ಚವೂ ಭಾರಿ ಆಮದು ಸುಂಕವೂ ಸೇರಿ ಬೆಲೆ ಏರುವುದರಿಂದ, ನಾಲ್ಕು ಮಂದಿ ಸ್ನೇಹಿತರು ಕೂಡಿ ತರಿಸಿ ಹಂಚಿಕೊಳ್ಳುವುದು ಲೇಸು. ಮೊದಲ ಸಲ ಯಾವುದನ್ನೂ 25 ಗ್ರಾಮಿಗಿಂತ ಹೆಚ್ಚು ಕೊಳ್ಳಬೇಡಿ. ಬಂದದ್ದು ಹಸಿರು ಚಹಾವಾದರೆ ಅತಿಥಿಗಳಿಗೆಂದು ಎತ್ತಿಡದೆ ಮಳೆಗಾಲ ಹಿಡಿಯುವುದರೊಳಗೆ ಕುಡಿದು ಮುಗಿಸಿ. ನಮ್ಮ ತೇವದ ಗಾಳಿ ತಾಗಿದ ಮೇಲೆ ಅದರ ಕಂಪು ಉಳಿಯುವುದಿಲ್ಲ.