ಉಜ್ಜಿದಲ್ಲಿ ಕಾದು, ಕಾದಲ್ಲಿ ಬಾಗಿ

ಪಾರಿಶ್ವಾಡದ ಕಡೆ ಕಬ್ಬು ಹೇರಿದ ಎತ್ತಿನ ಗಾಡಿಗೆ ಕೀಲೆಣ್ಣೆ ಕಡಿಮೆಯಾದರೆ ಅಚ್ಚು ಕಿರುಗುಟ್ಟಿ ಹೇಳುತ್ತದೆ. ಅದೇ ಕಬ್ಬಿನ ಸಿಪ್ಪೆ ಕಾರ್ಖಾನೆಯ ಬಾಯ್ಲರಿನಲ್ಲಿ ಉರಿದು ಎಬ್ಬಿಸಿದ ಹಬೆ ತಿರುಗಿಸುವ ಟರ್ಬೈನಿನ ಶಾಫ್ಟ್ ಅಷ್ಟು ಬೇಗ ಬಾಯಿ ಬಿಡುವುದಿಲ್ಲ. ಕೂದಲೆಳೆಯಷ್ಟು ತೆಳುವಾದ ಎಣ್ಣೆಪೊರೆಯ ಮೇಲೆ ತೇಲುತ್ತ ಸುತ್ತುತ್ತದೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಾದರೆ ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50!

ಆ ಶಾಫ್ಟ್, ಹಬೆ ಸೋರದಂತೆ ಸುತ್ತ ಕೂರಿಸಿದ ಸೀಲಿಗೆ ಒಂದಿಷ್ಟು ತಾಗಿತು ಅನ್ನಿ. ಪ್ರತಿ ಸುತ್ತಿನಲ್ಲೂ ತಾಗುವುದು ಅದೇ ಮಗ್ಗುಲು. ಆ ಮಗ್ಗುಲು ಕಾಯುತ್ತದೆ, ಕಾದದ್ದು ಹಿಗ್ಗುತ್ತದೆ, ಹಿಗ್ಗಿದ ಕಡೆಗೆ ಶಾಫ್ಟ್ ಬಾಗುತ್ತದೆ. ಬಾಗಿದ್ದು ಮತ್ತಷ್ಟು ಜೋರಾಗಿ ಉಜ್ಜುತ್ತದೆ. ನಡುಕ ತಾನೇ ತನ್ನನ್ನು ಸಾಕಿಕೊಳ್ಳುತ್ತ ಬೆಳೆಯುತ್ತದೆ. ಅಮೆರಿಕದ ಎಂಜಿನಿಯರ್ ನ್ಯೂಕರ್ಕ್ 1926ರಲ್ಲಿ ಇದನ್ನು ಬಿಡಿಸಿಟ್ಟರು; ಇಂದಿಗೂ ಇದು ಅವರ ಹೆಸರಿನಲ್ಲೇ ಇದೆ.

ನನಗೆ ತುಂಬ ಹಿಡಿಸುವುದು ಸೀಲಿನ ಹಲ್ಲುಗಳು. ಕತ್ತಿಯಂಚಿನಷ್ಟು ತೆಳು. ತಾಗಿದರೆ ತಾವೇ ಸವೆದು ಶಾಫ್ಟನ್ನು ಉಳಿಸಲೆಂದೇ ಹಾಗೆ ಮಾಡಿರುತ್ತಾರೆ. ಇನ್ನೊಂದು, ಪಳಗಿದ ಆಪರೇಟರನ ತಾಳ್ಮೆ. ನಡುಕ ಏರಿದಾಗ ವೇಗ ಹೆಚ್ಚಿಸಿ ಆ ಘಟ್ಟವನ್ನು ದಾಟಿಬಿಡೋಣ ಎನ್ನುವ ಆತುರ ಅವನಿಗಿಲ್ಲ. ಇಳಿಸಿ, ಬ್ಯಾರಿಂಗ್ ಗೇರಿಗೆ ಹಾಕಿ, ಗಂಟೆಗಟ್ಟಲೆ ನಿಧಾನವಾಗಿ ಹೊರಳಿಸುತ್ತಾನೆ. ಸುತ್ತಲೂ ಬಿಸಿ ಸಮವಾಗುತ್ತ ಬಂದಂತೆ, ಬಾಗು ಶಾಶ್ವತವಾಗಿರದಿದ್ದರೆ, ಅಷ್ಟು ದೊಡ್ಡ ಉಕ್ಕು ಯಾರೂ ಸುತ್ತಿಗೆ ಮುಟ್ಟಿಸದೆ ನೆಟ್ಟಗಾಗುತ್ತದೆ.